ಡಿಲೀಟ್ ಆಗದ ಫೈಲ್‌ಗಳು: ಹಳೆ ಹಾರ್ಡ್ ಡಿಸ್ಕ್‌ನಲ್ಲಿ ನಾಲ್ಕು ಉಳಿದುಬಿಟ್ಟಿವೆ, ಏನು ಮಾಡೋದು?

ಹಳೆಡಿಸ್ಕ್

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರ ಜೊತೆ ಗುದ್ದಾಡಿ ಸಾಕಾಗಿ ಇಲ್ಲಿ ಕೇಳ್ತಾ ಇದ್ದೀನಿ.

ಹಳೆ ಲ್ಯಾಪ್‌ಟಾಪ್ ಕೆಟ್ಟುಹೋದಾಗ ಅದರ 1 ಟಿಬಿ ಡಿಸ್ಕನ್ನ ತೆಗೆದು ಯುಎಸ್‌ಬಿ ಕವಚದೊಳಗೆ ಹಾಕಿಟ್ಟುಕೊಂಡಿದ್ದೆ. ಈಗ ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ, ಈ ಡಿಸ್ಕನ್ನ ಬರೀ ಫೋಟೋ ಇಡೋಕೆ ಅಂತ ಸ್ವಚ್ಛ ಮಾಡ್ತಿದ್ದೀನಿ. ಫಾರ್ಮ್ಯಾಟ್ ಮಾಡೋ ಹಾಗಿಲ್ಲ, ಅಮ್ಮನ ಹನ್ನೆರಡು ವರ್ಷದ ಫೋಟೋಗಳೆಲ್ಲ ಇದರಲ್ಲೇ ಇವೆ, ಬೇರೆ ಕಡೆ ನಕಲು ಇಲ್ಲ. ಬೇಡದ್ದನ್ನೆಲ್ಲ ಅಳಿಸ್ತಾ ಬಂದೆ, ನಾಲ್ಕು ಮಾತ್ರ ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ:

ಒಂದು, ಅರ್ಧ ಡೌನ್‌ಲೋಡ್ ಆದ ಒಂದು ವಿಡಿಯೋ. "ಬೇರೆ ಪ್ರೋಗ್ರಾಂನಲ್ಲಿ ತೆರೆದಿದೆ" ಅನ್ನುತ್ತೆ. ನಾನಂತೂ ಏನೂ ತೆರೆದಿಲ್ಲ.

ಎರಡು, ಹಳೆ ವಿಂಡೋಸ್‌ನ ಯೂಸರ್ಸ್ ಫೋಲ್ಡರ್ ಒಳಗಿನ ನನ್ನದೇ ಹೆಸರಿನ ಫೋಲ್ಡರ್. ಅನುಮತಿ ಬೇಕಂತೆ. ಯಾರಿಂದ ಅಂತ ನೋಡಿದ್ರೆ ಎಸ್-1-5-21 ಅಂತ ಶುರುವಾಗೋ ಉದ್ದದ ಸಂಖ್ಯೆ ತೋರಿಸುತ್ತೆ.

ಮೂರು, ಬ್ಯಾಕಪ್ ಫೋಲ್ಡರ್ ಒಳಗೆ "ಅಪ್ಲಿಕೇಶನ್ ಡೇಟಾ", ಅದರೊಳಗೆ ಮತ್ತೆ "ಅಪ್ಲಿಕೇಶನ್ ಡೇಟಾ", ಅದರೊಳಗೆ ಮತ್ತೆ ಅದೇ. ಇಪ್ಪತ್ತು ಸಲ ಒಳಗೆ ಹೋದೆ, ತಳ ಸಿಗಲಿಲ್ಲ. ಡಿಲೀಟ್ ಒತ್ತಿದ್ರೆ ಹೆಸರು ಉದ್ದ ಆಯ್ತು ಅಂತ ಬೈಯುತ್ತೆ.

ನಾಲ್ಕು, ಒಂದು ಖಾಲಿ ಫೋಲ್ಡರ್. ಕಣ್ಣಿಗೆ ಕಾಣುತ್ತೆ, ಆದ್ರೆ ಅಳಿಸೋಕೆ ಹೋದ್ರೆ "ಈ ಐಟಂ ಸಿಗಲಿಲ್ಲ" ಅಂತ ಬರುತ್ತೆ. ಕಣ್ಣೆದುರಿಗೇ ಇರೋದು ಸಿಗಲ್ಲ ಅಂದ್ರೆ ಏನರ್ಥ?

ರೀಸ್ಟಾರ್ಟ್ ಮಾಡಿ ನೋಡಿದ್ದೀನಿ. ಅಡ್ಮಿನಿಸ್ಟ್ರೇಟರ್ ಆಗಿಯೂ ನೋಡಿದ್ದೀನಿ. ದಯವಿಟ್ಟು ಯಾರಾದ್ರೂ ದಾರಿ ತೋರಿಸಿ.

ಥಟ್ಟಂತ

ಇದಕ್ಕೆ ಇಷ್ಟೆಲ್ಲ ಯಾಕೆ? ಬಲವಂತವಾಗಿ ಅಳಿಸೋ ಉಚಿತ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಒಂದನ್ನ ಇಳಿಸಿಕೊಂಡು ಬಲ ಕ್ಲಿಕ್ ಮಾಡಿ, ಮುಗೀತು.

ಕೀಲಿಕೈ

ಹಳೆಡಿಸ್ಕ್ ಅವರೇ, ಮೊದಲು ಒಂದು ವಿನಂತಿ. ಆ ಫೋಟೋಗಳಿಗೆ ಇನ್ನೊಂದು ನಕಲು ಆಗುವವರೆಗೆ ಈ ಡಿಸ್ಕ್ ಮೇಲೆ ಯಾವ ಬಲಪ್ರಯೋಗವನ್ನೂ ಮಾಡಬೇಡಿ. ಯಾರಿಂದಾದರೂ ಒಂದು ಡಿಸ್ಕ್ ಎರವಲು ತಂದು ನಕಲು ಮಾಡಿ, ಆಮೇಲೆ ಮುಂದುವರಿಯೋಣ. ಅಳಿಸುವ ಕೆಲಸದಲ್ಲಿ ತಪ್ಪಾಗುವುದು ಬಹುಪಾಲು ಬೇಸತ್ತು ಕೂತ ಹೊತ್ತಿನಲ್ಲೇ. ನೀವು ಮೂರು ದಿನದಿಂದ ಬೇಸತ್ತಿದ್ದೀರಿ.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮ್ಮದು ಒಂದೇ ತೊಂದರೆಯಲ್ಲ, ನಾಲ್ಕು ಬೇರೆ ಬೇರೆ ತೊಂದರೆಗಳು. ಅಳಿಸಲು ಆಗುವುದಿಲ್ಲ ಎಂದು ಕಂಪ್ಯೂಟರ್ ಹೇಳಿದಾಗ ಅದು ಕೊಟ್ಟ ಕಾರಣವನ್ನು ಓದಬೇಕು. ನಿಮ್ಮ ಪಟ್ಟಿಯಲ್ಲಿ ಮೊದಲನೆಯದನ್ನು ಯಾರೋ ಹಿಡಿದುಕೊಂಡಿದ್ದಾರೆ. ಎರಡನೆಯದರ ಒಡೆಯರು ನೀವಲ್ಲ. ಮೂರನೆಯದರ ವಿಳಾಸ ತೀರಾ ಉದ್ದ. ನಾಲ್ಕನೆಯದರ ಹೆಸರೇ ತಪ್ಪಾಗಿದೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಒಂದೊಂದಾಗಿ ನೋಡೋಣ. ವಿಡಿಯೋವನ್ನು ಹಿಡಿದುಕೊಂಡವರು ಯಾರೆಂದು ಪತ್ತೆ ಮಾಡಲು ಹೊರಗಿನ ಸಾಫ್ಟ್‌ವೇರ್ ಬೇಕಿಲ್ಲ. ವಿಂಡೋಸ್‌ನಲ್ಲೇ ರಿಸೋರ್ಸ್ ಮಾನಿಟರ್ ಇದೆ. ತೆರೆದು ಸಿಪಿಯು ಟ್ಯಾಬ್‌ಗೆ ಹೋಗಿ, ಕೆಳಗೆ "ಅಸೋಸಿಯೇಟೆಡ್ ಹ್ಯಾಂಡಲ್ಸ್" ಎಂಬಲ್ಲಿ ಹುಡುಕುವ ಜಾಗ ಇರುತ್ತದೆ. ಅಲ್ಲಿ ಫೈಲಿನ ಹೆಸರಿನ ಒಂದು ತುಂಡು ಟೈಪ್ ಮಾಡಿ. ಯಾವ ಪ್ರೋಗ್ರಾಂ ಹಿಡಿದಿದೆಯೋ ಅದರ ಹೆಸರು ಬರುತ್ತದೆ. ಏನು ಬಂತು ಎಂದು ಇಲ್ಲಿ ಬರೆಯಿರಿ, ಏನನ್ನೂ ಮುಚ್ಚಬೇಡಿ.

ಸಂಜೆಮಲ್ಲಿಗೆ

ಥಟ್ಟಂತ ಅವರ ಸಲಹೆಗೆ ನನ್ನದೊಂದು ಎಚ್ಚರಿಕೆ. ನಾನು ಹಾಗೇ ಒಂದನ್ನ ಇಳಿಸಿಕೊಂಡಿದ್ದೆ, ಯಾವುದು ಅಂತ ಹೆಸರು ಹೇಳಲ್ಲ. ಫೈಲೇನೋ ಹೋಯ್ತು. ಜೊತೆಗೆ ಬ್ರೌಸರ್‌ಗೆ ಒಂದು ಟೂಲ್‌ಬಾರ್ ಬಂತು, ಹುಡುಕೋ ಪುಟ ಬದಲಾಯ್ತು, ಅದನ್ನ ತೆಗೆಯೋಕೆ ಒಂದು ಭಾನುವಾರ ಪೂರ್ತಿ ಹೋಯ್ತು. ಇಂಥ ಸಾಧನಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡೋದು ಅಂದ್ರೆ ಮನೆ ಬೀಗದ ಕೈ ಕೊಟ್ಟ ಹಾಗೆ. ಬೇಕೇ ಬೇಕು ಅಂದ್ರೆ ಮೈಕ್ರೋಸಾಫ್ಟ್‌ನವರದ್ದೇ ಪವರ್‌ಟಾಯ್ಸ್ ಇದೆ, ಅದರಲ್ಲಿ ಫೈಲ್ ಲಾಕ್‌ಸ್ಮಿತ್ ಅನ್ನೋದು 2022ರಿಂದ ಇದೆ. ಫೈಲ್ ಮೇಲೆ ಬಲ ಕ್ಲಿಕ್ ಮಾಡಿದ್ರೆ ಯಾರು ಬಳಸ್ತಿದ್ದಾರೆ ಅಂತ ಹೇಳುತ್ತೆ.

ಪ್ರಕ್ರಿಯೆ

ಸಿಸ್‌ಇಂಟರ್ನಲ್ಸ್‌ನ ಪ್ರೋಸೆಸ್ ಎಕ್ಸ್‌ಪ್ಲೋರರ್ ಕೂಡ ಇದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಾಧನಗಳ ಗಂಟು ಅದು. 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಈಗಲೂ ಉಚಿತ. ಕಂಟ್ರೋಲ್ ಮತ್ತು ಎಫ್ ಒತ್ತಿ ಹೆಸರು ಹುಡುಕಬಹುದು. ಅದರಲ್ಲಿ "ಕ್ಲೋಸ್ ಹ್ಯಾಂಡಲ್" ಎಂಬ ಆಯ್ಕೆ ಕಾಣುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ. ಪ್ರೋಗ್ರಾಂಗೆ ತಿಳಿಸದೆ ಅದರ ಕೈಯಿಂದ ಫೈಲನ್ನು ಕಿತ್ತುಕೊಂಡಂತೆ ಆಗುತ್ತದೆ. ತೆರೆದ ಫೈಲನ್ನು ಪ್ರೋಗ್ರಾಂ ಗುರುತಿಸಿಕೊಳ್ಳುವ ಆ ಹ್ಯಾಂಡಲ್ ಸಂಖ್ಯೆ ಮರುಕ್ಷಣವೇ ಬೇರೆ ಫೈಲಿಗೆ ಸಿಗಬಹುದು, ಪಾಪ ಆ ಪ್ರೋಗ್ರಾಂ ಹಳೆಯದೇ ಎಂದುಕೊಂಡು ಅದರ ಮೇಲೆ ಬರೆಯುತ್ತದೆ. ಪ್ರೋಗ್ರಾಂ ಅನ್ನೇ ಸರಿಯಾಗಿ ಮುಚ್ಚುವುದು ಕ್ಷೇಮ.

ಹಳೆಡಿಸ್ಕ್

ಸ್ನೇಹಿತರಿಂದ ಡಿಸ್ಕ್ ತಂದು ಫೋಟೋಗಳ ನಕಲು ಶುರು ಮಾಡಿದ್ದೀನಿ, ರಾತ್ರಿ ಪೂರ್ತಿ ಓಡುತ್ತೆ.

ರಿಸೋರ್ಸ್ ಮಾನಿಟರ್‌ನಲ್ಲಿ ಆ ವಿಡಿಯೋ ಹೆಸರು ಹಾಕಿದ್ರೆ "ಡಿಎಲ್‌ಎಲ್‌ಹೋಸ್ಟ್" ಅಂತ ಬರ್ತಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದೇ "ಕಾಮ್ ಸರೋಗೇಟ್" ಅಂತ ಕಾಣಿಸ್ತಿದೆ. ಇದು ವೈರಸ್ಸಾ?

ಕೀಲಿಕೈ

ವೈರಸ್ ಅಲ್ಲ, ಗಾಬರಿ ಬೇಡ. ಫೋಲ್ಡರ್ ತೆರೆದ ಕೂಡಲೇ ಪ್ರತಿ ವಿಡಿಯೋಗೂ ಒಂದು ಪುಟ್ಟ ಚಿತ್ರ ತೋರಿಸುತ್ತದಲ್ಲ, ಥಂಬ್‌ನೇಲ್, ಅದನ್ನು ತಯಾರಿಸುವ ಕೆಲಸ ಇದರದ್ದು. ನಿಮ್ಮ ವಿಡಿಯೋ ಅರ್ಧಕ್ಕೆ ನಿಂತಿರುವುದರಿಂದ ಚಿತ್ರ ತೆಗೆಯಲು ಹೋಗಿ ಅಲ್ಲೇ ಸಿಕ್ಕಿಕೊಂಡಿದೆ. ಅದನ್ನು ಮುಚ್ಚಿದರೂ ನೀವು ಅಳಿಸಲೆಂದು ಮತ್ತೆ ಫೋಲ್ಡರ್ ತೆರೆಯುತ್ತೀರಿ, ಅದು ಮತ್ತೆ ಹಿಡಿದುಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದರೂ ಉಪಯೋಗವಾಗದೇ ಇದ್ದುದು ಅದಕ್ಕೇ.

ಆದ್ದರಿಂದ ಆ ಫೋಲ್ಡರನ್ನು ತೆರೆಯದೆ ಅಳಿಸಬೇಕು. ಎಲ್ಲ ಫೋಲ್ಡರ್ ಕಿಟಕಿಗಳನ್ನೂ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಮ್ ಸರೋಗೇಟ್ ನಿಲ್ಲಿಸಿ, ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಡೆಲ್" ಎಂದು ಬರೆದು ಒಂದು ಜಾಗ ಬಿಟ್ಟು, ಉದ್ಧರಣ ಚಿಹ್ನೆಗಳ ನಡುವೆ ಫೈಲಿನ ಪೂರ್ತಿ ವಿಳಾಸ ಕೊಡಿ. ಇಲ್ಲಿ ಆದೇಶಗಳನ್ನು ಕನ್ನಡದಲ್ಲೇ ಹೇಳುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು.

ಹಳೆಡಿಸ್ಕ್

ಹೋಯ್ತು!! ಕಮಾಂಡ್ ಪ್ರಾಂಪ್ಟ್ ಏನೂ ಹೇಳಲಿಲ್ಲ, ಸುಮ್ನೆ ಕೆಳಗಿನ ಸಾಲಿಗೆ ಬಂತು. ಆಗಲಿಲ್ಲವೇನೋ ಅಂದ್ಕೊಂಡು ಫೋಲ್ಡರ್ ತೆರೆದು ನೋಡಿದೆ, ಇಲ್ಲ. ಮೂರು ದಿನದ ಮೇಲೆ ಮೊದಲ ಸಲ ಸಮಾಧಾನ ಆಯ್ತು.

ಪೆಂಗ್ವಿನ್‌ಬಳಗ

ಈ "ಯಾರೋ ಹಿಡಿದುಕೊಂಡಿದ್ದಾರೆ" ಎಂಬ ಪ್ರಶ್ನೆ ಲಿನಕ್ಸ್‌ನಲ್ಲಿ ಬೇರೆ ರೂಪದಲ್ಲಿ ಬರುತ್ತದೆ, ಇಲ್ಲಿ ಲಿನಕ್ಸ್ ಬಳಸುವವರೂ ಇದ್ದಾರೆಂದು ಬರೆಯುತ್ತಿದ್ದೇನೆ. ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂ ಫೈಲನ್ನು ತೆರೆಯುವಾಗಲೇ ಬೇರೆಯವರು ಇದನ್ನು ಓದಬಹುದೇ, ಬರೆಯಬಹುದೇ, ಅಳಿಸಬಹುದೇ ಎಂದು ಹೇಳಿಬಿಡುತ್ತದೆ. ಅಳಿಸಲು ಒಪ್ಪದಿದ್ದರೆ ನಿಮಗೆ ದೋಷ ಸಂಖ್ಯೆ 32 ಸಿಗುತ್ತದೆ. ಲಿನಕ್ಸ್‌ನಲ್ಲಿ ಹೆಸರು ಬೇರೆ, ಫೈಲ್ ಬೇರೆ. ಆರ್‌ಎಂ ಆದೇಶ ಅಳಿಸುವುದು ಹೆಸರನ್ನು. ಒಳಗಿನ ಐನೋಡ್, ಅಂದರೆ ಫೈಲಿನ ನಿಜವಾದ ದಾಖಲೆ, ಅದನ್ನು ತೆರೆದಿರುವ ಕೊನೆಯ ಪ್ರೋಗ್ರಾಂ ಕೈಬಿಡುವವರೆಗೆ ಜೀವಂತ.

ಇದರ ಕಾಟ ನಾನು ಅನುಭವಿಸಿದ್ದೇನೆ. ನಡುರಾತ್ರಿ ಒಂದು ಸರ್ವರಿನ ಡಿಸ್ಕ್ ತುಂಬಿತ್ತು. 40 ಜಿಬಿಯ ಲಾಗ್ ಫೈಲ್ ಅಳಿಸಿದೆ, ಆದರೂ ಡಿಸ್ಕಿನ ಖಾಲಿ ಜಾಗ ಹೇಳುವ ಡಿಎಫ್ ಆದೇಶ ತುಂಬಿದೆ ಎಂದೇ ಹೇಳುತ್ತಿತ್ತು. ಫೈಲ್‌ಗಳ ಗಾತ್ರ ಕೂಡಿಸುವ ಡಿಯು ಹಾಕಿದರೆ ಅಷ್ಟು ಫೈಲ್‌ಗಳೇ ಇಲ್ಲ. ಎರಡರ ಲೆಕ್ಕ ತಾಳೆಯಾಗದಿದ್ದಾಗ ಎಲ್‌ಎಸ್‌ಒಎಫ್ ಆದೇಶಕ್ಕೆ +ಎಲ್1 ಸೇರಿಸಿ ಓಡಿಸಬೇಕು. ಹೆಸರು ಹೋಗಿಯೂ ತೆರೆದಿರುವ ಫೈಲ್‌ಗಳ ಪಟ್ಟಿ ಬರುತ್ತದೆ. ಲಾಗ್ ಬರೆಯುತ್ತಿದ್ದ ಸೇವೆಯನ್ನು ರೀಸ್ಟಾರ್ಟ್ ಮಾಡಿದ ಮೇಲೆ ಜಾಗ ಮರಳಿತು.

ಇನ್ನೊಂದು, ಲಿನಕ್ಸ್‌ನಲ್ಲಿ ಅಳಿಸುವ ಹಕ್ಕು ಬರುವುದು ಫೈಲಿನ ಅನುಮತಿಯಿಂದಲ್ಲ, ಅದು ಕೂತಿರುವ ಡೈರೆಕ್ಟರಿಯ ಅನುಮತಿಯಿಂದ. ಹೆಸರು ಬರೆದಿರುವುದು ಡೈರೆಕ್ಟರಿಯಲ್ಲಿ ತಾನೇ. ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರ ಆಗಿದ್ದರೂ ಅಳಿಸಲು ಆಗದಿದ್ದರೆ ಎಲ್‌ಎಸ್‌ಆಟ್ರ್ ಹಾಕಿ ನೋಡಿ, "ಐ" ಗುರುತು ಇದ್ದರೆ ಯಾರೋ ಅದನ್ನು ಬದಲಾಯಿಸಲಾಗದಂತೆ ಮಾಡಿಟ್ಟಿದ್ದಾರೆ. ಸಿಎಚ್‌ಆಟ್ರ್ -ಐ ಎಂದು ತೆಗೆಯಬಹುದು. ತೆಗೆಯುವ ಮೊದಲು ಯಾಕೆ ಇಟ್ಟಿದ್ದರೆಂದು ಯೋಚಿಸಿ.

ಹಳೆಡಿಸ್ಕ್

ಫೋಟೋ ನಕಲು ಮುಗೀತು. ಎರಡೂ ಕಡೆ ಎಣಿಸಿದೆ, 21,406 ಫೈಲ್, ಎರಡೂ ಸಮ. ಈಗ ಧೈರ್ಯವಾಗಿ ಎರಡನೇದಕ್ಕೆ ಬರಬಹುದಾ? ನನ್ನದೇ ಹೆಸರಿನ ಫೋಲ್ಡರ್, ನನ್ನದೇ ಡಿಸ್ಕ್, ನಾನ್ಯಾಕೆ ಒಡೆಯ ಅಲ್ಲ?

ಕೀಲಿಕೈ

ಬರಬಹುದು. ವಿಂಡೋಸ್ ಅನುಮತಿಯನ್ನು ಹೆಸರಿನ ಲೆಕ್ಕದಲ್ಲಿ ಬರೆದಿಡುವುದಿಲ್ಲ, ಎಸ್‌ಐಡಿ ಎಂಬ ಗುರುತಿನ ಸಂಖ್ಯೆಯ ಲೆಕ್ಕದಲ್ಲಿ ಬರೆದಿಡುತ್ತದೆ. ನೀವು ಕಂಡ ಎಸ್-1-5-21 ಅದೇ. ಹಳೆ ಲ್ಯಾಪ್‌ಟಾಪಿನ ನಿಮಗೂ ಹೊಸದರ ನಿಮಗೂ ಹೆಸರು ಒಂದೇ ಇದ್ದರೂ ಸಂಖ್ಯೆ ಬೇರೆ. ಹೊಸ ವಿಂಡೋಸ್‌ನ ಕಣ್ಣಿಗೆ ಆ ಫೋಲ್ಡರ್ ಯಾರೋ ಅಪರಿಚಿತರದ್ದು.

ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎರಡು ಹೆಜ್ಜೆ. ಮೊದಲು "ಟೇಕ್‌ಓನ್", ಅದಕ್ಕೆ /ಎಫ್ ಮತ್ತು ಫೋಲ್ಡರಿನ ವಿಳಾಸ, ಒಳಗಿನದಕ್ಕೂ ಅನ್ವಯಿಸಲು /ಆರ್. ಇದರಿಂದ ಒಡೆತನ ಬರುತ್ತದೆ. ಒಡೆತನ ಬಂದ ಮಾತ್ರಕ್ಕೆ ಅಳಿಸುವ ಅನುಮತಿ ಬರುವುದಿಲ್ಲ, ಅನುಮತಿ ಕೊಡುವ ಹಕ್ಕು ಬರುತ್ತದೆ ಅಷ್ಟೆ. ಹಾಗಾಗಿ ಎರಡನೆಯ ಹೆಜ್ಜೆ "ಐಕ್ಯಾಕಲ್ಸ್", ವಿಳಾಸ, /ಗ್ರಾಂಟ್, ನಿಮ್ಮ ಬಳಕೆದಾರ ಹೆಸರಿನ ನಂತರ ಕೋಲನ್ ಹಾಕಿ ಎಫ್, ಕೊನೆಗೆ /ಟಿ. ಹಲವರು ಮೊದಲ ಹೆಜ್ಜೆ ಮಾಡಿ, ಆಗಲಿಲ್ಲವೆಂದು ಕೈಚೆಲ್ಲುತ್ತಾರೆ.

ಥಟ್ಟಂತ

ಇದನ್ನ ಇಡೀ ಸಿ ಡ್ರೈವ್‌ಗೆ ಒಂದೇ ಸಲ ಕೊಟ್ಟುಬಿಟ್ರೆ ಮುಂದೆ ಯಾವತ್ತೂ ಈ ರಗಳೆ ಇರಲ್ಲ ಅಲ್ವಾ?

ಪ್ರಕ್ರಿಯೆ

ದಯವಿಟ್ಟು ಬೇಡ. ನಾನು ಕೆಲಸ ಕಲಿಯುವಾಗ ಇದನ್ನೇ ಮಾಡಿದ್ದೆ. ವಿಂಡೋಸ್‌ನ ಬಹಳಷ್ಟು ಫೈಲ್‌ಗಳ ಒಡೆಯ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಸೇವೆ. ಅಡ್ಮಿನಿಸ್ಟ್ರೇಟರ್ ಹೆಸರಲ್ಲಿ ಓಡುವ ಯಾವುದೋ ಪ್ರೋಗ್ರಾಂ ವ್ಯವಸ್ಥೆಯ ಫೈಲ್‌ಗಳನ್ನು ಕೆಡಿಸಬಾರದೆಂದೇ ಆ ಏರ್ಪಾಡು. ಒಡೆತನವನ್ನೆಲ್ಲ ನನ್ನ ಹೆಸರಿಗೆ ಮಾಡಿಕೊಂಡ ಮೇಲೆ ಅಪ್‌ಡೇಟ್‌ಗಳು ಒಂದೊಂದಾಗಿ ವಿಫಲವಾಗತೊಡಗಿದವು. ಯಾವ ಫೈಲಿಗೆ ಮೊದಲು ಯಾವ ಅನುಮತಿ ಇತ್ತೆಂದು ನೆನಪಿಟ್ಟುಕೊಂಡವರು ಯಾರು? ಕೊನೆಗೆ ವಿಂಡೋಸ್ ಹೊಸದಾಗಿ ಹಾಕಬೇಕಾಯಿತು.

ಸಿ ಡ್ರೈವಿನಲ್ಲಿ ಜಾಗ ತಿನ್ನುವ ದೊಡ್ಡವಕ್ಕೆಲ್ಲ ಅವುಗಳದೇ ದಾರಿ ಇದೆ. ಹೈಬರ್ನೇಟ್ ಮಾಡಲು ಬಳಸುವ ಹೈಬರ್‌ಫಿಲ್ ಫೈಲ್ ಹೋಗಬೇಕೆಂದರೆ ಪವರ್‌ಸಿಎಫ್‌ಜಿ /ಎಚ್ ಆಫ್. ಹಳೆ ವಿಂಡೋಸ್‌ನ ವಿಂಡೋಸ್.ಓಲ್ಡ್ ಫೋಲ್ಡರನ್ನು ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಿಂದ ತೆಗೆಯಿರಿ. ವಿಂಡೋಸ್ ತನ್ನ ಭಾಗಗಳನ್ನು ಇಟ್ಟುಕೊಳ್ಳುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರನ್ನು ಕೈಯಿಂದ ಅಳಿಸಲೇಬೇಡಿ. ಅಲ್ಲಿರುವ ಫೈಲ್‌ಗಳು ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಇನ್ನೊಂದು ಹೆಸರು) ಮೂಲಕ ಬೇರೆಡೆಯೂ ಕಾಣಿಸಿಕೊಳ್ಳುತ್ತವೆ, ಅದರ ಗಾತ್ರ ತೋರುವಷ್ಟು ದೊಡ್ಡದಲ್ಲ.

ಹಳೆಡಿಸ್ಕ್

ಎರಡನೇದೂ ಹೋಯ್ತು. ಟೇಕ್‌ಓನ್ ಓಡುವಾಗ ಪರದೆ ತುಂಬ ಸಾಲುಗಳು ಸರಸರ ಹರಿದವು, ಹತ್ತು ನಿಮಿಷ. ನಿಮ್ಮ ಮಾತು ನಿಜ, ಅದರ ನಂತರವೂ ಅಳಿಸೋಕೆ ಬಿಡಲಿಲ್ಲ, ಐಕ್ಯಾಕಲ್ಸ್ ಆದ ಮೇಲೆ ಬಿಟ್ಟಿತು. ಈಗ ಆ ತಳವಿಲ್ಲದ ಫೋಲ್ಡರ್.

ಕೀಲಿಕೈ

ಅದು ಹುಟ್ಟಿದ್ದು ಹೇಗೆಂದು ಊಹಿಸಬಲ್ಲೆ. ಹಳೆ ಪ್ರೋಗ್ರಾಂಗಳಿಗೆ ದಾರಿ ತಪ್ಪದಿರಲೆಂದು ವಿಂಡೋಸ್ "ಅಪ್ಲಿಕೇಶನ್ ಡೇಟಾ" ಎಂಬ ಜಂಕ್ಷನ್ ಇಟ್ಟಿದೆ. ನೋಡಲು ಫೋಲ್ಡರ್, ನಿಜಕ್ಕೂ ಬೇರೆಡೆಗೆ ಬೆರಳು ತೋರಿಸುವ ಕೈಮರ. ಅದರಲ್ಲಿ ಒಂದು ತಾನಿರುವ ಫೋಲ್ಡರಿಗೇ ಬೆರಳು ತೋರಿಸುತ್ತದೆ. ಬ್ಯಾಕಪ್ ಪ್ರೋಗ್ರಾಂ ಅದನ್ನು ನಿಜವಾದ ಫೋಲ್ಡರೆಂದು ತಿಳಿದು ಒಳಹೊಕ್ಕರೆ ಮತ್ತೆ ಹೊರಟಲ್ಲಿಗೇ ಬರುತ್ತದೆ, ಮತ್ತೆ ನಕಲು, ಮತ್ತೆ ಒಳಗೆ. ವಿಂಡೋಸ್‌ನಲ್ಲಿ ವಿಳಾಸದ ಹಳೆಯ ಮಿತಿ 260 ಅಕ್ಷರ. ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಮಾತ್ರ ಸುಮಾರು 32,767 ಅಕ್ಷರದವರೆಗೆ ತಾಳುತ್ತದೆ. ಉದ್ದ ವಿಳಾಸ ಬಲ್ಲ ಬ್ಯಾಕಪ್ ಪ್ರೋಗ್ರಾಂ ಬರೆದುಬಿಟ್ಟಿತು, ಫೈಲ್ ಎಕ್ಸ್‌ಪ್ಲೋರರ್‌ಗೆ ಅಳಿಸಲು ಆಗುತ್ತಿಲ್ಲ.

ಮೊದಲು ಆ ಫೋಲ್ಡರಿನಲ್ಲಿ "ಡಿಐಆರ್ /ಎಎಲ್ /ಎಸ್" ಓಡಿಸಿ. ನಿಜವಾದ ಜಂಕ್ಷನ್ ಉಳಿದಿದ್ದರೆ ತೋರಿಸುತ್ತದೆ. ಇದ್ದರೆ ಅದನ್ನು ಬರೀ ಆರ್‌ಡಿ ಆದೇಶದಿಂದ ತೆಗೆಯಿರಿ, ಕೈಮರ ಮಾತ್ರ ಹೋಗುತ್ತದೆ, ಅದು ತೋರಿಸುವ ಊರಿಗೆ ಏನೂ ಆಗುವುದಿಲ್ಲ. ಏನೂ ಇಲ್ಲದಿದ್ದರೆ ರೋಬೋಕಾಪಿ, ವಿಂಡೋಸ್‌ನಲ್ಲೇ ಇರುವ ನಕಲು ಮಾಡುವ ಆದೇಶ. ಒಂದು ಹೊಸ ಖಾಲಿ ಫೋಲ್ಡರ್ ಮಾಡಿ, "ರೋಬೋಕಾಪಿ", ಖಾಲಿ ಫೋಲ್ಡರಿನ ವಿಳಾಸ, ಆಮೇಲೆ ಅಳಿಸಬೇಕಾದ ಫೋಲ್ಡರಿನ ವಿಳಾಸ, ಕೊನೆಗೆ /ಎಂಐಆರ್. ಎರಡನೆಯದನ್ನು ಮೊದಲನೆಯದರ ಪಡಿಯಚ್ಚು ಮಾಡು ಎಂದರ್ಥ, ಮೊದಲನೆಯದು ಖಾಲಿಯಾದ್ದರಿಂದ ಎರಡನೆಯದೂ ಖಾಲಿಯಾಗುತ್ತದೆ.

ಇಲ್ಲಿ ನಿಮ್ಮ ಕೈ ಹಿಡಿದು ಹೇಳುತ್ತಿದ್ದೇನೆ. ಎರಡನೆಯ ವಿಳಾಸದಲ್ಲಿರುವುದೆಲ್ಲ ಹೋಗುತ್ತದೆ, ಮರುಬಳಕೆ ಬುಟ್ಟಿಗೂ ಹೋಗುವುದಿಲ್ಲ. ಅಲ್ಲಿ ತಪ್ಪಿ ಡ್ರೈವಿನ ಹೆಸರಷ್ಟೇ ಬರೆದರೆ ಫೋಟೋಗಳೂ ಹೋಗುತ್ತವೆ. ಮೊದಲು ಕೊನೆಗೆ /ಎಲ್ ಸೇರಿಸಿ ಓಡಿಸಿ. ಏನು ಅಳಿಸುತ್ತದೆಂದು ಪಟ್ಟಿ ಕೊಡುತ್ತದೆ, ಅಳಿಸುವುದಿಲ್ಲ. ಪಟ್ಟಿ ಓದಿ, ಆಮೇಲೆ /ಎಲ್ ತೆಗೆದು ಓಡಿಸಿ.

ಹಳೆಡಿಸ್ಕ್

/ಎಲ್ ಹಾಕಿದ್ದು ಒಳ್ಳೇದಾಯ್ತು. ಫೋಲ್ಡರ್ ಹೆಸರಿನ ಮಧ್ಯೆ ಜಾಗ ಇತ್ತು, ಉದ್ಧರಣ ಚಿಹ್ನೆ ಮರೆತಿದ್ದೆ, ಅದು ವಿಳಾಸವನ್ನ ಅರ್ಧಕ್ಕೇ ತುಂಡು ಮಾಡಿ ಬೇರೆ ಫೋಲ್ಡರ್ ಅಂದ್ಕೊಂಡಿತ್ತು. ಸರಿಮಾಡಿ ಎರಡು ಸಲ ಓದಿ ಎಂಟರ್ ಒತ್ತಿದೆ. ತಳವಿಲ್ಲದ್ದು ಹೋಯ್ತು.

ಸಂಜೆಮಲ್ಲಿಗೆ

ನಡುವೆ ನನ್ನದೊಂದು ಪ್ರಶ್ನೆ. ನನ್ನ ಮೆಮೊರಿ ಕಾರ್ಡ್‌ನಲ್ಲಿ ಫೈಲ್ ಅಳಿಸಿದ್ರೆ ಹೋಗುತ್ತೆ, ದೋಷ ಏನೂ ಬರಲ್ಲ. ತೆಗೆದು ಮತ್ತೆ ಹಾಕಿದ್ರೆ ಎಲ್ಲ ವಾಪಸ್ ಬಂದಿರುತ್ತೆ.

ಪ್ರಕ್ರಿಯೆ

ಅದು ಕಾರ್ಡ್ ಸಾಯುವ ಲಕ್ಷಣ. ಒಳಗಿನ ನಿಯಂತ್ರಕ ಬರೆಯುವುದನ್ನು ನಿಲ್ಲಿಸಿ ಓದಲು ಮಾತ್ರ ಬಿಡುತ್ತಿದೆ. ಅಳಿಸಿದಂತೆ ಕಂಡದ್ದು ಕಂಪ್ಯೂಟರಿನ ನೆನಪಿನಲ್ಲಿ ಮಾತ್ರ. ಇನ್ನೂ ಓದಲು ಬರುತ್ತಿರುವಾಗಲೇ ಎಲ್ಲವನ್ನೂ ನಕಲು ಮಾಡಿಕೊಂಡು ಕಾರ್ಡ್ ಬದಲಿಸಿ, ಅದರ ರಿಪೇರಿಗೆ ಹೊತ್ತು ಕಳೆಯಬೇಡಿ. "ಬರೆಯಲು ತಡೆ ಇದೆ" ಎಂಬ ದೋಷ ಬರುವ ಕಾರ್ಡ್‌ಗಳದ್ದು ಬೇರೆ ಕಥೆ, ಅಂಥದ್ದರಲ್ಲಿ ಮೊದಲು ಎಡಬದಿಯ ಪುಟ್ಟ ಜಾರುಗುಂಡಿ ಕೆಳಗಿಳಿದಿದೆಯೇ ನೋಡಬೇಕು.

ಸೇಬುಹಣ್ಣು

ಮ್ಯಾಕ್‌ನವರಿಗೆ ಒಂದು ಮಾತು. ಕಸದಬುಟ್ಟಿ ಖಾಲಿಯಾಗದಿದ್ದರೆ ಫೈಲಿನ ಗೆಟ್ ಇನ್ಫೋ ತೆರೆದು "ಲಾಕ್ಡ್" ಗುರುತು ತೆಗೆಯಿರಿ. ಸಾವಿರಾರು ಫೈಲ್ ಇದ್ದರೆ ಟರ್ಮಿನಲ್‌ನಲ್ಲಿ ಸಿಎಚ್‌ಫ್ಲ್ಯಾಗ್ಸ್ -ಆರ್ ನೋಯುಸಿಎಚ್‌ಜಿ. ಸಿಸ್ಟಂ ಫೋಲ್ಡರಿನದು 2015ರ ಎಲ್ ಕ್ಯಾಪಿಟನ್‌ನಿಂದೀಚೆಗೆ ರೂಟ್ ಆದರೂ ಅಳಿಸಲು ಬಿಡುವುದಿಲ್ಲ, ಅದನ್ನು ಹಾಗೇ ಬಿಡಿ.

ಕೀಲಿಕೈ

ನಾಲ್ಕನೆಯದಕ್ಕೆ ಬರೋಣ. ಹಳೆಡಿಸ್ಕ್ ಅವರೇ, ಈ ಡಿಸ್ಕನ್ನು ಎಂದಾದರೂ ಮ್ಯಾಕ್‌ಗೋ ಲಿನಕ್ಸ್‌ಗೋ ಹಾಕಿದ್ದಿರಾ? ಆ ಫೋಲ್ಡರಿನ ಹೆಸರಿನ ಕೊನೆಯಲ್ಲಿ ಚುಕ್ಕಿಯೋ ಖಾಲಿ ಜಾಗವೋ ಇದೆಯೇ?

ಹಳೆಡಿಸ್ಕ್

ಹೌದು, ಒಮ್ಮೆ ಲಿನಕ್ಸ್‌ಗೆ ಹಾಕಿದ್ದೆ. ಮತ್ತೆ ಹೌದು, ಹೆಸರಿನ ಕೊನೆಗೆ ಒಂದು ಚುಕ್ಕಿ ಇದೆ! ಇಷ್ಟು ದಿನ ಗಮನಿಸಿರಲೇ ಇಲ್ಲ.

ಕೀಲಿಕೈ

ಹಾಗಾದರೆ ಸಿಕ್ಕಿತು. ನೀವು ಕೊಟ್ಟ ಹೆಸರಿನ ಕೊನೆಯ ಚುಕ್ಕಿಯನ್ನೂ ಖಾಲಿ ಜಾಗವನ್ನೂ ವಿಂಡೋಸ್ ತಾನೇ ಕತ್ತರಿಸಿ ಡಿಸ್ಕಿನಲ್ಲಿ ಹುಡುಕುತ್ತದೆ. ಚುಕ್ಕಿಯಿಲ್ಲದ ಹೆಸರಿನ ಫೋಲ್ಡರ್ ಅಲ್ಲಿಲ್ಲ. ಅದು ಸಿಗಲಿಲ್ಲ ಎಂದದ್ದು ಪ್ರಾಮಾಣಿಕವಾಗಿಯೇ.

ಹೆಸರನ್ನು ತಿದ್ದದೆ ಇದ್ದ ಹಾಗೆ ಒಯ್ಯಿ ಎಂದು ಹೇಳಲು ವಿಳಾಸದ ಮುಂದೆ \\?\ ಸೇರಿಸಬೇಕು. ಎರಡು ಬ್ಯಾಕ್‌ಸ್ಲ್ಯಾಶ್, ಪ್ರಶ್ನಾರ್ಥಕ ಚಿಹ್ನೆ, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಅದಕ್ಕೆ ಅಂಟಿಕೊಂಡೇ ಡ್ರೈವಿನ ಅಕ್ಷರದಿಂದ ಶುರುವಾಗುವ ಪೂರ್ತಿ ವಿಳಾಸ, ಕೊನೆಗೆ ಆ ಚುಕ್ಕಿ. ಆರ್‌ಡಿ ಆದೇಶಕ್ಕೆ ಇದನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ.

ಕಾನ್, ಪಿಆರ್‌ಎನ್, ಆಕ್ಸ್, ನಲ್, ಕಾಮ್1 ಎಂಬ ಹೆಸರಿನ ಫೈಲ್‌ಗಳಿಗೂ ಇದೇ ಮದ್ದು. ಅವು ಸಾಧನಗಳಿಗೆ ಮೀಸಲಾದ ಹೆಸರುಗಳು. 1981ರ ಮೊದಲ ಎಂಎಸ್-ಡಾಸ್‌ನಲ್ಲಿ ಡೈರೆಕ್ಟರಿಗಳೇ ಇರಲಿಲ್ಲ, ಕೀಲಿಮಣೆ, ಪ್ರಿಂಟರುಗಳ ಹೆಸರು ಎಲ್ಲೆಲ್ಲೂ ಸಲ್ಲುತ್ತಿತ್ತು. 1983ರಲ್ಲಿ 2.0 ಆವೃತ್ತಿಗೆ ಡೈರೆಕ್ಟರಿ ಬಂದಾಗ ಹಳೆ ಪ್ರೋಗ್ರಾಂಗಳು ಕೆಡಬಾರದೆಂದು ಆ ಹೆಸರುಗಳನ್ನು ಪ್ರತಿ ಡೈರೆಕ್ಟರಿಯಲ್ಲೂ ಹಾಗೇ ಉಳಿಸಿಕೊಂಡರು.

ಹಳೆಡಿಸ್ಕ್

ನಾಲ್ಕೂ ಹೋದವು. ಎಷ್ಟು ಧನ್ಯವಾದ ಹೇಳಿದ್ರೂ ಸಾಲದು. ಕೊನೆಗೆ ನಕಲು ಹೇಗೂ ಇದೆ ಅಂತ ಡಿಸ್ಕ್ ದೋಷ ಹುಡುಕಿ ಸರಿಮಾಡೋ ಚೆಕ್‌ಡಿಸ್ಕ್ /ಎಫ್ ಓಡಿಸಿದೆ, ಡಿಸ್ಕ್‌ನಲ್ಲಿ ಸಣ್ಣ ದೋಷ ಇತ್ತು, ಸರಿಮಾಡಿತು. ಈಗ ಡ್ರೈವ್‌ನಲ್ಲಿ ಫೌಂಡ್.000 ಅಂತ ಹೊಸದೊಂದು ಅಡಗಿಸಿಟ್ಟ ಫೋಲ್ಡರ್ ಬಂದಿದೆ, ಒಳಗೆ ಸಿಎಚ್‌ಕೆ ಅಂತ ಕೊನೆಯಾಗೋ ಹನ್ನೆರಡು ಫೈಲ್. ಅಳಿಸಿಬಿಡಲಾ?

ಕೀಲಿಕೈ

ಅಳಿಸಬಹುದು, ಆದರೆ ನೋಡಿ ಅಳಿಸಿ. ಹೆಸರೂ ವಿಳಾಸವೂ ಕಳೆದುಕೊಂಡು ಬಿದ್ದಿದ್ದ ತುಣುಕುಗಳನ್ನು ಚೆಕ್‌ಡಿಸ್ಕ್ ಅಲ್ಲಿ ಕೂಡಿಹಾಕುತ್ತದೆ. ಫೋಟೋಗಳಿದ್ದ ಡಿಸ್ಕ್ ಆದ್ದರಿಂದ ಅವುಗಳ ನಕಲು ಮಾಡಿ, ನಕಲಿನ ಹೆಸರಿನ ಕೊನೆಯನ್ನು ಜೆಪಿಜಿ ಎಂದು ಬದಲಿಸಿ ತೆರೆದು ನೋಡಿ.

ಹಳೆಡಿಸ್ಕ್

ಹನ್ನೊಂದು ತೆರೆಯಲಿಲ್ಲ. ಒಂದು ತೆರೀತು. ಮೇಲಿನ ಅರ್ಧ ಚೆನ್ನಾಗಿದೆ, ಕೆಳಗಿನರ್ಧ ಬರೀ ಬೂದು ಬಣ್ಣ. ಕಿಟಕಿ ಪಕ್ಕ ಅಮ್ಮ ಕೂತಿದ್ದಾರೆ, ಕನ್ನಡಕ ಹಣೆ ಮೇಲಿದೆ. ಈ ಫೋಟೋ ಆ 21,406ರಲ್ಲಿ ಇಲ್ಲ, ಎರಡು ಸಲ ಹುಡುಕಿದೆ.

ಎರಡೂ ಡಿಸ್ಕ್‌ನಲ್ಲಿ ಹಾಕಿಟ್ಟುಕೊಂಡೆ. ಉಳಿದ ಹನ್ನೊಂದನ್ನ ಅಳಿಸಿದೆ, ಒಂದೇ ಸಲಕ್ಕೆ ಹೋದವು.